ಲಾಟೀನು ಕದ್ದವರಿಗೆ ತೆರೆಯದ ಬಾಗಿಲು

ಶನಿವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಬಾಗಿಲು ತೆರೆಯಲಿಲ್ಲ.

ಅದು ಮನೆಯ ಬಾಗಿಲಲ್ಲ, ಕಚೇರಿಯದೂ ಅಲ್ಲ. ಕಂಪ್ಯೂಟರ್ ಪರದೆಯೊಳಗೆ, ಒಂದು ದ್ವೀಪದ ನಡುವಿನ ಗುಡ್ಡಕ್ಕೆ ಕೂರಿಸಿದ ಕಲ್ಲಿನ ಬಾಗಿಲು. ಅದರ ಮುಂದೆ ಕೂತಿದ್ದ ಹೆಂಗಸು ಕೆಳಮಹಡಿಯ ಹಲ್ಲಿನ ಡಾಕ್ಟರು. ವಾರದ ರಜೆಯ ದಿನ ಅವರು ಮೆಟ್ಟಿಲು ಹತ್ತಿ ಬಂದು, ಮೇಲಿನವರು ಮಾಡುತ್ತಿದ್ದ ವಿಡಿಯೊ ಗೇಮನ್ನು ಆಡಿ, ಎಲ್ಲಿ ಬೇಸರವಾಯಿತು, ಎಲ್ಲಿ ದಾರಿ ತಪ್ಪಿತು ಎಂದು ಮುಲಾಜಿಲ್ಲದೆ ಹೇಳಿ ಹೋಗುತ್ತಿದ್ದರು. ವಾರವಿಡೀ ಬೇರೆಯವರ ಬಾಯಿ ತೆರೆಸುವುದೇ ಕೆಲಸವಾದ್ದರಿಂದ, ತೆರೆಯದ ಬಾಗಿಲು ಅವರಿಗೆ ಸ್ವಲ್ಪ ಅವಮಾನವೆನಿಸಿತು.

“ಅಕ್ಕ, ಬನ್ನಿ ಇಲ್ಲಿ. ಇದು ನನ್ನ ಮುಖ ನೋಡಿ ಬಾಯಿ ಮುಚ್ಕೊಂಡಿದೆ,” ಎಂದು ಕರೆದರು.

ಅಕ್ಕ ತನ್ನ ಸದ್ದಿನ ಕೋಣೆಯಿಂದ ಹೊರಗೆ ಬಂದಳು. ಆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು ಮೂರೇ ಜನ, ಮೂವರೂ ಒಂದೇ ಮನೆಯವರು. ಕಥೆ ಬರೆಯುವವನು ಅವಳ ಗಂಡ. ಪ್ರೋಗ್ರಾಂ ಬರೆಯುವವನು ಅವಳ ತಮ್ಮ. ಹೆಜ್ಜೆ, ಗಾಳಿ, ನೀರು, ಕೀಲಿನ ಕಿರುಚು, ಹೀಗೆ ಆಟದಲ್ಲಿ ಕಿವಿಗೆ ಬೀಳುವುದನ್ನೆಲ್ಲ ಮಾಡುವವಳು ಅವಳು. ತಮ್ಮ ಕರೆಯುವ ‘ಅಕ್ಕ’ ಎಂಬ ಹೆಸರು ಡಾಕ್ಟರಿಗೆ, ನೀರಿನ ಕ್ಯಾನ್ ತರುವವನಿಗೆ, ಕಟ್ಟಡದ ಮಾಲೀಕರಿಗೆ ಅಂಟಿ, ಅವಳು ಇಡೀ ಬೀದಿಗೇ ಅಕ್ಕನಾಗಿದ್ದಳು. ಅದೇ ಲೆಕ್ಕದಲ್ಲಿ ಅವಳ ಗಂಡ ಎಲ್ಲರಿಗೂ ಭಾವ. ತಮ್ಮ ಮಾತ್ರ, ಮೂವತ್ತು ದಾಟಿ ಹಣೆ ಅಗಲವಾಗುತ್ತಿದ್ದರೂ, ಎಲ್ಲರಿಗೂ ತಮ್ಮನೇ.

ಡಾಕ್ಟರ ಮಾತು ಕೇಳಿ ಅಕ್ಕನ ಎದೆ ಧಸಕ್ಕೆಂದಿತು. ಬೇರೆ ಯಾವ ಬಾಗಿಲು ಕೆಟ್ಟಿದ್ದರೂ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಬಾಗಿಲಿನ ವಿಷಯದಲ್ಲಿ ಮನೆಯಲ್ಲಿ ಮೂರು ವಾರದಿಂದ ಅನ್ನ ಸರಿಯಾಗಿ ಇಳಿದಿರಲಿಲ್ಲ.

ತಕರಾರು ಎಬ್ಬಿಸಿದವಳು ಅವಳೇ. ಎರಡು ವರ್ಷ ಆ ಬಾಗಿಲು ಸದ್ದಿಲ್ಲದೆ ತೆರೆದು ಮುಚ್ಚುತ್ತಿತ್ತು, ಯಾರಿಗೂ ಏನೂ ಅನಿಸಿರಲಿಲ್ಲ. ಅದಕ್ಕೆ ಸದ್ದು ಕೂರಿಸುವ ಸರದಿ ಬಂದಾಗ ಅವಳು ಊಟದ ಮೇಜಿನ ಮೇಲೆ ಕೇಳಿದಳು: “ಈ ಬಾಗಿಲು ಹೇಗೆ ತೆರೆಯುತ್ತೆ?”

“ಮಾಯೆಯಿಂದ,” ಎಂದ ಭಾವ.

“ಸರಪಳಿಯಿಂದ,” ಎಂದ ತಮ್ಮ.

ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿಸಿ ಒಬ್ಬರನ್ನೊಬ್ಬರು ನೋಡಿದರು. ಭಾವ ಬರೆದದ್ದು ಒಂದು ಮಾಯಾದ್ವೀಪದ ಕಥೆ. ತಮ್ಮ ಕಟ್ಟಿದ್ದು ಯಾವುದೋ ಕಾಲದ ಬುದ್ಧಿವಂತರು ಯಂತ್ರಗಳನ್ನು ಹೂತಿಟ್ಟು ಹೋದ ದ್ವೀಪ. ಎರಡೂ ಒಂದೇ ದ್ವೀಪ, ಅದೇ ಗುಡ್ಡ, ಅದೇ ದೀಪಸ್ತಂಭ. ತಾನು ತಿಳಿದದ್ದೇ ಇನ್ನೊಬ್ಬನೂ ತಿಳಿದಿದ್ದಾನೆ ಎಂದು ಇಬ್ಬರೂ ಎರಡು ವರ್ಷ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ದುಡಿದಿದ್ದರು. ಇಂಥ ಎಡವಟ್ಟು ಮಾಡಲು ಭಾವ ಭಾಮೈದರೇ ಆಗಬೇಕು. ಅಪರಿಚಿತರಾಗಿದ್ದರೆ ಮೊದಲ ದಿನವೇ ಕೇಳಿಕೊಂಡಿರುತ್ತಿದ್ದರು.

ಅಕ್ಕನಿಗೆ ಈ ವ್ಯತ್ಯಾಸ ಕೈಕೆಲಸದ ಪ್ರಶ್ನೆ. ಮಾಯೆಯ ಬಾಗಿಲಿಗೆ ಉಸಿರು ಬೇಕು: ಗಂಟೆ ಬಾರಿಸಿದ ಮೇಲೆ ಉಳಿಯುವ ಗುಂಯ್, ಗಂಟಲೊಳಗಿನ ಹೂಂ. ಯಂತ್ರದ ಬಾಗಿಲಿಗೆ ಭಾರ ಬೇಕು: ಕಬ್ಬಿಣ, ಎಣ್ಣೆ, ಹಲ್ಲು ಕಚ್ಚಿಕೊಂಡ ಚಕ್ರ. ಎರಡನ್ನೂ ಬೆರೆಸಿದರೆ ಗಂಟಲುನೋವು ಬಂದ ಹಿಟ್ಟಿನ ಗಿರಣಿಯ ಸದ್ದು ಬರುತ್ತದೆ. ಅವಳು ಬೆರೆಸಿ ನೋಡಿಯೇ ಈ ತೀರ್ಮಾನಕ್ಕೆ ಬಂದಿದ್ದಳು.

ಸದ್ದಿನ ಜಗಳವಾಗಿಯೇ ಇದ್ದಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಅಷ್ಟರಲ್ಲಿ ಗೇಮ್ ಪ್ರದರ್ಶನದವರ ಪತ್ರ ಬಂತು. ಪ್ರದರ್ಶನದಲ್ಲಿ ಎರಡು ಹಾಲ್: ಒಂದು ಫ್ಯಾಂಟಸಿ ಆಟಗಳಿಗೆ, ಇನ್ನೊಂದು ಸೈನ್ಸ್ ಫಿಕ್ಷನ್‌ಗೆ. ನಡುವೆ ಗೋಡೆ. ನಿಮ್ಮದು ಯಾವ ಹಾಲ್ ಎಂದು ಶನಿವಾರ ಸಂಜೆ ಐದರೊಳಗೆ ತಿಳಿಸತಕ್ಕದ್ದು.

ತಮ್ಮ ಕೂಗಾಡುವವನಲ್ಲ. ಗುರುವಾರ ತಟ್ಟೆ ತೊಳೆಯುತ್ತಾ ಅಕ್ಕನಿಗೆ ಮಾತ್ರ ಹೇಳಿದ: “ಫ್ಯಾಂಟಸಿ ಹಾಲ್‌ಗೆ ಹಾಕಿದ್ರೆ ನನ್ನ ಹೆಸರು ತೆಗೆದುಬಿಡು ಅಕ್ಕ. ಬೇಜಾರೇನಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಮಾಡೋ ಕಂಪನಿಯವರು ಕರೀತಿದ್ದಾರೆ. ಸೋಮವಾರದಿಂದ ಬರ್ತೀನಿ ಅಂತೀನಿ. ಅಲ್ಲಿ ಒಂದು ಕೆಜಿ ಅಂದ್ರೆ ಒಂದು ಕೆಜಿ.”

ಬಾಯಿಮಾತಿಗೆ ಹೇಳುವ ಹುಡುಗನಾಗಿದ್ದರೆ ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಹಿಂದೊಮ್ಮೆ ಚದುರಂಗದ ಒಂದು ನಿಯಮದ ವಿಷಯಕ್ಕೆ ಇವನು ಪ್ರಾಣಸ್ನೇಹಿತನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದ. ಕೊನೆಗೆ ಪುಸ್ತಕ ತೆಗೆದು ನೋಡಿದರೆ ಇವನದೇ ಸರಿ ಇತ್ತು, ಅದು ಇನ್ನೂ ಕಷ್ಟ.

ಭಾವನ ಬೆದರಿಕೆ ಬೇರೆ ಥರದ್ದು. “ಸೈನ್ಸ್ ಫಿಕ್ಷನ್ ಹಾಲ್‌ಗೆ ಹಾಕಿದ್ರೆ ನಾನೇನೂ ಎಲ್ಲೂ ಹೋಗಲ್ಲ,” ಎಂದಿದ್ದ. “ಮನೇಲೇ ಇರ್ತೀನಿ. ಮಾತಾಡಲ್ಲ, ಅಷ್ಟೇ.”

ಆ ಬೆದರಿಕೆಯನ್ನು ಅಕ್ಕ ಒಂದೆರಡು ನಿಮಿಷ ಆಸೆಯಿಂದಲೇ ಯೋಚಿಸಿದಳು. ಆದರೆ ತಮ್ಮ ಹೊರಟುಹೋದ ಕೋಣೆಯಲ್ಲಿ, ಗೆದ್ದ ಗಂಡನ ಜೊತೆ, ದಿನಕ್ಕೆ ಎಂಟು ಗಂಟೆ ಕೂರುವುದನ್ನು ಅವಳಿಗೆ ಊಹಿಸಲೂ ಆಗಲಿಲ್ಲ. ತಮ್ಮನಿಗೆ ಟೈಪ್ ಮಾಡುವಾಗ ಕಾಲು ಕುಣಿಸುವ ಚಟ. ಆ ಟಕಟಕ ಅವಳ ರೆಕಾರ್ಡಿಂಗ್‌ಗಳಲ್ಲೆಲ್ಲ ನುಸುಳಿ, ಅದನ್ನು ಕತ್ತರಿಸಿ ತೆಗೆಯುವುದರಲ್ಲೇ ಅವಳ ಅರ್ಧ ದಿನ ಹೋಗುತ್ತಿತ್ತು. ಅದಿಲ್ಲದ ರೆಕಾರ್ಡಿಂಗ್ ಅವಳಿಗೆ ಬೇಕಿರಲಿಲ್ಲ.

ಈಗ ನೋಡಿದರೆ, ಐದು ಗಂಟೆಯೊಳಗೆ ಯಾವ ಬಾಗಿಲಿನ ಜಾತಕ ಬರೆಯಬೇಕೋ ಆ ಬಾಗಿಲೇ ತೆರೆಯುತ್ತಿಲ್ಲ.

“ಏನು ಮಾಡಿದ್ರಿ ಡಾಕ್ಟ್ರೇ?” ಎಂದು ಭಾವ ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಬಂದ.

“ಏನೂ ಮಾಡಿಲ್ಲಪ್ಪ. ಗುಡ್ಡದ ಕೆಳಗೆ ಕಾವಲುಗಾರ ಮುದುಕ ಇದ್ದಾನಲ್ಲ, ನಿದ್ದೆ ಹೋಗಿದ್ದ. ಪಕ್ಕದಲ್ಲಿ ಲಾಟೀನಿತ್ತು. ದಾರಿ ಕತ್ತಲೆ. ಎತ್ಕೊಂಡು ಬಂದೆ.”

“ಕದ್ರಿ.”

“ಎತ್ಕೊಂಡೆ.”

“ನನ್ನ ಮುದುಕನ ಲಾಟೀನು ಕದ್ರಾ?” ಭಾವನ ಮುಖ ಸಣ್ಣದಾಯಿತು. ಆ ಮುದುಕನನ್ನು ಬರೆಯಲು ಅವನು ಒಂದು ಮಳೆಗಾಲ ತೆಗೆದುಕೊಂಡಿದ್ದ.

“ನೀವು ಯಾರೂ ಎತ್ತಿ ನೋಡಿಲ್ವಾ?”

ಇಲ್ಲ, ಯಾರೂ ನೋಡಿರಲಿಲ್ಲ. ತಾನೇ ಸಾಕಿದ ಮುದುಕನಿಂದ ಕದಿಯಲು ಭಾವನಿಗೆ ಮನಸ್ಸು ಬಂದಿರಲಿಲ್ಲ. ದ್ವೀಪದ ಸಂತೆಯಲ್ಲಿ ಲಾಟೀನು ಪುಕ್ಕಟೆ ಸಿಗುತ್ತದೆಂದು ತಮ್ಮನಿಗೆ ಗೊತ್ತಿತ್ತು. ಇಬ್ಬರು ಸಂಭಾವಿತರು ಸೇರಿ ಮಾಡಿದ ಆಟದಲ್ಲಿ ಕಳ್ಳತನದ ದಾರಿಯೊಂದು ತೆರೆದೇ ಉಳಿದಿತ್ತು. ಅದರಲ್ಲಿ ಮೊದಲು ಕಾಲಿಟ್ಟವರು ಡಾಕ್ಟರು.

“ಒಂದು ಕೆಲಸ ಮಾಡಿ,” ಎಂದಳು ಅಕ್ಕ. “ವಾಪಸ್ ಕೊಟ್ಟು ನೋಡಿ.”

ಡಾಕ್ಟರು ಗುಡ್ಡ ಇಳಿದು ಲಾಟೀನನ್ನು ಮುದುಕನ ಪಕ್ಕ ಇಟ್ಟು ಬಂದರು. ಬಾಗಿಲ ಮುಂದಿನ ಕಲ್ಲಿನ ಹಾಸಿನ ಮೇಲೆ ನಿಂತರು. ಬಾಗಿಲು ತೆರೆಯಿತು. ಒಳಗೆ ಕಾಲಿಡುವ ಮೊದಲೇ ತಿರುಗಿ ಹೋಗಿ ಮತ್ತೆ ಕದ್ದರು. ತೆರೆಯಲಿಲ್ಲ. ಮತ್ತೆ ಕೊಟ್ಟರು. ತೆರೆಯಿತು. ಯಾವ ಹಲ್ಲಿಗೆ ನೋವು ಎಂದು ತಿಳಿಯಲು ಒಂದೊಂದನ್ನೇ ತಟ್ಟಿ ನೋಡುವವರ ಶ್ರದ್ಧೆ ಅದು.

ಭಾವ ಎದ್ದು ನಿಂತ. “ಗೊತ್ತು ಅದಕ್ಕೆ,” ಎಂದ ಮೆಲ್ಲಗೆ. “ಬಂದವರು ಕಳ್ಳರು ಅಂತ ಬಾಗಿಲಿಗೆ ಗೊತ್ತು. ನಾನಿದನ್ನ ಬರೆದೇ ಇಲ್ಲ ಕಣೇ. ಬರೆಯದೇ ಬಂದಿದೆ ಅಂದ್ರೆ ನೋಡು.”

“ಬರೆಯದೇ ಬಂದಿರೋದಕ್ಕೆ ನಮ್ಮಲ್ಲಿ ಬಗ್ ಅಂತಾರೆ ಭಾವ,” ಎಂದ ತಮ್ಮ ತಲೆ ಎತ್ತದೆ. ಅವನ ಕಾಲು ಆಗಲೇ ಕುಣಿಯತೊಡಗಿತ್ತು.

“ನಿಮ್ಮಲ್ಲಿ ಅನ್ನಬಹುದು. ನಮ್ಮಲ್ಲಿ ನ್ಯಾಯ ಅಂತಾರೆ.”

“ನ್ಯಾಯ ಯಾವ ಫೈಲಲ್ಲಿದೆ ಹೇಳಿ, ತೆಗೆದು ತೋರಿಸ್ತೀನಿ.”

ಹತ್ತು ನಿಮಿಷ ತಮ್ಮನ ಬೆರಳುಗಳ ಸದ್ದು ಬಿಟ್ಟರೆ ಕೋಣೆ ಸುಮ್ಮನಿತ್ತು. ಆಮೇಲೆ ಆ ಸದ್ದೂ ನಿಂತಿತು, ಕಾಲೂ ನಿಂತಿತು. ಕಾಲು ನಿಂತಿತೆಂದರೆ ಏನೋ ಸಿಕ್ಕಿದೆ, ಸಿಕ್ಕಿದ್ದು ಹೇಳಿಕೊಳ್ಳುವಂಥದ್ದಲ್ಲ ಎಂದು ಅಕ್ಕನಿಗೆ ಹೊಳೆಯಿತು.

“ಏನೋ?”

“ಏನಿಲ್ಲ. ಲಾಟೀನಿನ ತೂಕ.”

“ಎಷ್ಟು?”

ತಮ್ಮ ಗಂಟಲು ಸರಿಮಾಡಿಕೊಂಡ. “ಇನ್ನೂರು ಕೆಜಿ.”

ನಡೆದದ್ದು ಇಷ್ಟು. ಮುದುಕನ ಲಾಟೀನನ್ನು ಹೊಸದಾಗಿ ಮಾಡುವ ಬದಲು ತಮ್ಮ ದೀಪಸ್ತಂಭದ ದೊಡ್ಡ ದೀಪವನ್ನು ನಕಲು ಮಾಡಿ, ಗಾತ್ರ ಕುಗ್ಗಿಸಿ, ಬೆಳಕು ತಗ್ಗಿಸಿ, ಹಿಡಿ ಅಂಟಿಸಿದ್ದ. ತೂಕ ಬದಲಿಸಲು ಮರೆತಿದ್ದ. ಬಾಗಿಲ ಮುಂದಿನ ಹಾಸುಗಲ್ಲು ಲಿಫ್ಟಿನಂತೆ: ಒಬ್ಬ ಮನುಷ್ಯ, ಅವನ ಕೈಚೀಲ, ಅಷ್ಟು ಭಾರಕ್ಕೆ ಸರಪಳಿ ಎಳೆಯುತ್ತದೆ. ಹೊರೆ ಮಿತಿ ಮೀರಿದರೆ ಕೆಲಸ ನಿಲ್ಲಿಸುತ್ತದೆ. ಸಂತೆಯ ಲಾಟೀನು ಹಿಡಿದು ಬಂದವರಿಗೆ ಬಾಗಿಲು ತೆರೆಯುತ್ತದೆ, ಮುದುಕನದನ್ನು ಹಿಡಿದು ಬಂದವರಿಗೆ ಇಲ್ಲ.

“ತಕ್ಕಡಿ ಕಂಪನಿಯವರಿಗೆ ಫೋನ್ ಮಾಡಿ ಹೇಳ್ಲಾ?” ಎಂದಳು ಅಕ್ಕ. “ಒಂದು ಕೆಜಿ ಅಂದ್ರೆ ಒಂದು ಕೆಜಿ ಅಂತಿದ್ದ ಹುಡುಗ ಇವನೇ ಅಂತ.”

“ಯಾವ ತಕ್ಕಡಿ?” ಎಂದ ಭಾವ.

“ಏನೋ ಒಂದು, ಸುಮ್ನಿರಿ.”

ತಮ್ಮನ ಕಿವಿ ಕೆಂಪಾಯಿತು. ಡಾಕ್ಟರು ಸೊಂಟ ಮುಟ್ಟಿ ನೋಡಿಕೊಂಡರು. “ಇನ್ನೂರು ಕೆಜಿ ಹೊತ್ಕೊಂಡು ಗುಡ್ಡ ಹತ್ತಿದ್ದೀನಿ ನಾನು. ಎರಡು ಸಲ. ಸೊಂಟ ಹಿಡೀಲಿಲ್ಲ ನೋಡಿ.”

ತಮ್ಮನಿಗೆ ಅದೂ ಚುಚ್ಚಿತು. ಆದರೆ ಭಾವನ ಮುಖದಲ್ಲಿ ಇನ್ನೂ ಆರದ ಸಂತೋಷ ಅವನಿಗೆ ಅದಕ್ಕಿಂತ ಹೆಚ್ಚು ಚುಚ್ಚಿತು. “ತೂಕ ಒಂದು ನೆಪ ಕಣೋ,” ಎನ್ನುತ್ತಿದ್ದ ಭಾವ. “ನಿನ್ನ ಕೈಯಿಂದ ಆ ಮರೆವು ಮಾಡಿಸಿದ್ದು ಯಾರು, ಅದನ್ನ ಯೋಚಿಸು.” ಮೊಲಕ್ಕೆ ಮೂರೇ ಕಾಲು ಎಂದು ಹಿಡಿದವರ ಮುಂದೆ ಮೊಲವನ್ನೇ ತಂದು ನಿಲ್ಲಿಸಬೇಕು. ತಮ್ಮ ಡಾಕ್ಟರ ಕಡೆ ತಿರುಗಿದ.

“ಡಾಕ್ಟ್ರೇ, ಇನ್ನೊಂದು ಸಲ ಲಾಟೀನು ಎತ್ಕೊಂಡು ಬನ್ನಿ, ಈ ಸಲ ವಾಪಸ್ ಕೊಡಬೇಡಿ. ಬಾಗಿಲ ಹತ್ರ ನೆಲದ ಮೇಲೆ ಇಟ್ಟು, ಬರೀ ಕೈಯಲ್ಲಿ ಹೋಗಿ ನಿಂತ್ಕೊಳ್ಳಿ. ಕಳ್ಳರು ಕಳ್ಳರೇ ತಾನೇ? ಬಾಗಿಲಿಗೆ ಗೊತ್ತಿದ್ರೆ ಮುಚ್ಚಿರಲಿ.”

ಡಾಕ್ಟರು ಲಾಟೀನನ್ನು ಮತ್ತೆ ಕದ್ದು ತಂದು, ಬಾಗಿಲ ಪಕ್ಕದ ಮೆಟ್ಟಿಲ ಮೇಲಿಟ್ಟು, ಹಾಸುಗಲ್ಲಿನ ಮೇಲೆ ನಿಂತರು.

ಬಾಗಿಲು ತೆರೆಯಿತು.

ಭಾವ ಕುರ್ಚಿಯಲ್ಲಿ ಕೂತ. ಗಾಳಿ ಹೋದ ಚೆಂಡಿನಂತಾಗಿದ್ದ ಗಂಡನನ್ನು ನೋಡಿ ಅಕ್ಕನಿಗೆ ನಗುವೂ ಬಂತು, ಅಯ್ಯೋ ಎಂದೂ ಅನಿಸಿತು. ಗೆದ್ದ ತಮ್ಮನ ಮುಖದಲ್ಲಿ ಗೆಲುವೂ ಕಾಣಲಿಲ್ಲ.

“ಈಗ ಗೊತ್ತಾಯ್ತು ನನಗೆ,” ಎಂದಳು ಅಕ್ಕ, ಯಾರಾದರೂ ಮಾತಾಡಬೇಕಲ್ಲ ಎಂದು. “ರೀ, ನಿಮ್ಮ ಬಾಗಿಲು ಬಂದವರು ಯಾರು ಅಂತ ನೋಡುತ್ತೆ. ಇವನ ಬಾಗಿಲು ಬಂದದ್ದು ಎಷ್ಟು ಅಂತ ನೋಡುತ್ತೆ. ಮೂರು ವಾರದ ಹಿಂದೆ ನೀವಿಬ್ಬರೂ ಇಷ್ಟು ಹೇಳಿದ್ದಿದ್ರೆ ನಾನು ಆವತ್ತೇ ಸದ್ದು ಮಾಡಿ ಕೊಡ್ತಿದ್ದೆ.”

“ಹಾಗಾದ್ರೆ ತೀರ್ಮಾನ ಆಯ್ತು,” ಎಂದ ಭಾವ. “ಎಷ್ಟು ಅಂತ ನೋಡೋ ಬಾಗಿಲು. ಹಾಕು, ಸೈನ್ಸ್ ಫಿಕ್ಷನ್ ಹಾಲ್‌ಗೇ ಹಾಕು.” ಹೇಳಿದ ಧಾಟಿ, ಹೆಣಕ್ಕೆ ಹೆಗಲು ಕೊಡು ಎಂದ ಹಾಗಿತ್ತು.

ಆಗ ಅಕ್ಕನ ಕಣ್ಣು ಪರದೆಯ ಮೇಲೆ ಬಿತ್ತು. ಬಾಗಿಲು ತೆರೆದೇ ಇತ್ತು. ಡಾಕ್ಟರು ಒಳಗೆ ಹೋಗಿರಲಿಲ್ಲ. ಮೆಟ್ಟಿಲ ಮೇಲಿನ ಲಾಟೀನನ್ನು ಎತ್ತಿಕೊಂಡು ಗುಡ್ಡ ಇಳಿಯುತ್ತಿದ್ದರು.

“ಎಲ್ಲಿಗೆ ಡಾಕ್ಟ್ರೇ? ಬಾಗಿಲು ಆ ಕಡೆ,” ಎಂದ ತಮ್ಮ.

“ಗೊತ್ತಪ್ಪ. ಇದನ್ನ ಕೊಟ್ಟು ಬರ್ತೀನಿ.”

“ಕೊಡೋದು ಬೇಡ. ತೆರೆದಿದೆಯಲ್ಲ.”

“ಬಾಗಿಲಿಗೆ ಬುದ್ಧಿ ಇಲ್ಲ ಅಂತ ನೀನು ತೋರಿಸಿಕೊಟ್ಟೆ, ಒಪ್ಪಿದೆ. ನನಗೂ ಇಲ್ವಾ? ಮುದುಕ ಎದ್ದು ಕತ್ತಲಲ್ಲಿ ತಡಕಾಡ್ತಾನೆ.”

“ಅವನು ಏಳೋದೇ ಇಲ್ಲ ಡಾಕ್ಟ್ರೇ. ಎದ್ದೇಳೋ ಹಾಗೆ ನಾನು ಬರೆದಿಲ್ಲ.”

“ನೀನು ಬರೆದಿಲ್ಲ ಅಂತ ಅವನಿಗೆ ಎಚ್ಚರ ಆಗಬಾರದಾ?”

ತಮ್ಮ ಏನೋ ಹೇಳಲು ಬಾಯಿ ತೆರೆದ. ಡಾಕ್ಟರಿಗೆ ಅಭ್ಯಾಸಬಲದಿಂದ ಅದರೊಳಗೆ ಇಣುಕುವ ಆಸೆಯಾಗಿರಬೇಕು, ಆದರೆ ಅವರ ಗಮನ ಗುಡ್ಡದ ದಾರಿಯಲ್ಲಿತ್ತು.

ಮಧ್ಯಾಹ್ನ ಊಟವಾದ ಮೇಲೆ ತಮ್ಮ, ಹೇಗಿದ್ದರೂ ಬಗ್ ಬಗ್ ತಾನೇ ಎಂದು, ಲಾಟೀನಿನ ತೂಕವನ್ನು ಎರಡು ಕೆಜಿಗೆ ಇಳಿಸಿದ. ಕೆಲಸ ಅರ್ಧ ನಿಮಿಷದ್ದು. ಸರಿಯಾಯಿತೇ ಎಂದು ನೋಡಲು ಡಾಕ್ಟರನ್ನು ಮೊದಲಿಂದ ಆಡಿಸಿದ. ಡಾಕ್ಟರು ದೋಣಿ ಇಳಿದರು, ಸಂತೆ ದಾಟಿದರು, ಮುದುಕನ ಪಕ್ಕದಿಂದ ಲಾಟೀನು ಎತ್ತಿದರು, ಗುಡ್ಡ ಹತ್ತಿದರು. ಬಾಗಿಲು ತೆರೆಯಿತು. ಡಾಕ್ಟರು ಲಾಟೀನು ಬೀಸಿಕೊಂಡು ನೇರ ಒಳಗೆ ನಡೆದರು.

“ವಾಪಸ್ ಕೊಡಲ್ವಾ?” ಎಂದು ಕೇಳಿದವನು ತಮ್ಮನೇ.

“ಏನು?” ಡಾಕ್ಟರು ಕೈಯಲ್ಲಿದ್ದುದನ್ನು ನೋಡಿದರು. “ಹೌದಲ್ಲ. ಈ ಸಲ ನೆನಪೇ ಆಗಲಿಲ್ಲ. ಯಾರೂ ತಡೀಲಿಲ್ಲವಲ್ಲ, ಹಾಗೇ ಬಂದುಬಿಟ್ಟೆ.” ಆಮೇಲೆ ಸ್ವಲ್ಪ ಹೊತ್ತು ಆಡಿ, ಸೀಟಿಗೆ ಒರಗಿ, “ಬೆಳಗ್ಗೆ ಚೆನ್ನಾಗಿತ್ತಪ್ಪ,” ಎಂದರು. “ಈಗ ಸಪ್ಪೆ.”

ತಮ್ಮ ಪರದೆಯನ್ನೇ ನೋಡುತ್ತಾ ಕೂತ. ಅವನ ಗುಣವೇ ಅದು. ಕಣ್ಣಾರೆ ಕಂಡದ್ದನ್ನು ಅವನು ಅಲ್ಲಗಳೆಯಲಾರ, ಅದು ತನಗೆ ವಿರುದ್ಧವಾಗಿದ್ದರೂ. ತಪ್ಪಿದ್ದಾಗ ಈ ಹೆಂಗಸು ಲಾಟೀನು ವಾಪಸ್ ಕೊಡಲೆಂದೇ ಮೂರು ಸಲ ಗುಡ್ಡ ಇಳಿದಿದ್ದರು, ಇನ್ನೂ ಏಳದ ಮುದುಕನ ಬಗ್ಗೆ ಮರುಗಿದ್ದರು. ತಪ್ಪು ತಿದ್ದಿದ ಮೇಲೆ ಹಣ್ಣಿನ ಅಂಗಡಿಗೆ ಹೋಗಿಬಂದ ಹಾಗೆ ಹೋಗಿಬಂದರು. ಅವನು ಎರಡನ್ನು ಅಳಿಸಿ ಇನ್ನೂರು ಎಂದು ಬರೆದ. ಮತ್ತೆ ಅಳಿಸಿದ. ಮತ್ತೆ ಬರೆದ. ಅಕ್ಕ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ.

ನಾಲ್ಕು ಗಂಟೆಗೆ ಪ್ರದರ್ಶನದ ಸಂಯೋಜಕಿಯೇ ಫೋನ್ ಮಾಡಿದರು. “ನಿಮ್ಮದೊಂದೇ ಬಾಕಿ ಮೇಡಂ. ಸುಲಭವಾಗಿ ಹೇಳ್ತೀನಿ. ಆಟದಲ್ಲಿ ಕತ್ತಿ ಇದೆಯಾ, ಬಂದೂಕು ಇದೆಯಾ?”

“ಎರಡೂ ಇಲ್ಲ. ಲಾಟೀನಿದೆ.”

“ಗಡ್ಡದ ಮುದುಕ ಇದ್ದಾನಾ?”

“ಇದ್ದಾನೆ.”

“ಹಾಗಿದ್ರೆ ಫ್ಯಾಂಟಸಿ.”

“ಲಿಫ್ಟ್ ಥರದ್ದೂ ಒಂದಿದೆ.”

“ಐದು ಗಂಟೆ ಮೇಡಂ,” ಎಂದು ಸಂಯೋಜಕಿ ಫೋನ್ ಇಟ್ಟರು.

ಅಕ್ಕ ಹೊರಗಿನ ಕೋಣೆಗೆ ಬಂದಾಗ ಭಾವ ತಮ್ಮನ ಬೆನ್ನ ಹಿಂದೆ ನಿಂತು ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದ.

“ಇನ್ನೂರೇ ಇಟ್ಯಾ?”

“ಇಟ್ಟೆ.”

“ಯಾಕೋ? ಬಗ್ ಅಂದೆ.”

“ಬಗ್ ಹೌದು. ಆದ್ರೂ ಇರಲಿ. ಆಡೋರಿಗೆ ಬೇಕಾಗಿದೆ.”

ಭಾವನಿಗೆ ಖುಷಿಯಾಗಬೇಕಿತ್ತು. ಆದರೆ ಅವನು ಗಲ್ಲ ಕೆರೆದುಕೊಂಡ. ಬೆಳಗ್ಗೆ ಒಮ್ಮೆ ಪೆಟ್ಟು ತಿಂದವನು, ಈಗ ಕೊಟ್ಟದ್ದನ್ನು ಹಲ್ಲು ಹಿಡಿದು ನೋಡುವಂತಾಗಿದ್ದ. “ಅಲ್ಲ ಕಣೋ, ಇನ್ನೂರು ಕೆಜಿ ಲಾಟೀನನ್ನ ಮುದುಕ ದಿನಾ ಹೇಗೆ ಎತ್ತುತ್ತಾನೆ?”

“ಎತ್ತುತ್ತಾನೆ.”

“ಹೇಗೆ?”

“ಗೊತ್ತಿಲ್ಲ ಭಾವ. ಎತ್ತುತ್ತಾನೆ ಅಷ್ಟೇ. ಡಾಕ್ಟ್ರೂ ಎತ್ತಿದ್ರಲ್ಲ.”

“ಅದು ನಡೆಯಲ್ಲ. ನಾಳೆ ಯಾರಾದ್ರೂ ಕೇಳ್ತಾರೆ. ಮುದುಕನ ಗುಡಿಸಲಿನ ಮಾಡಿಗೆ ಒಂದು ರಾಟೆ ಹಾಕೋಣ. ಹಗ್ಗ, ಆ ತುದೀಲಿ ಕಲ್ಲು. ಹಿಂದಿನ ಕಾಲದವರು ಬಿಟ್ಟುಹೋದದ್ದು ಅಂತ ನಾನು ಬರೀತೀನಿ. ಲಾಟೀನಿನ ಲೋಹನೇ ಬೇರೆ, ಗುಡ್ಡದೊಳಗೆ ಸಿಕ್ಕಿದ್ದು ಅಂತ ಇಡೋಣ. ಗುಡ್ಡದಿಂದ ದೂರ ಹೋದಷ್ಟೂ ಹಗುರ ಆಗುತ್ತೆ, ಹತ್ತಿರ ಬಂದ್ರೆ ಭಾರ. ಆಗ ಡಾಕ್ಟ್ರು ಕೆಳಗೆ ಎತ್ತಿದ್ದೂ ಸರಿಹೋಯ್ತು, ಬಾಗಿಲ ಹತ್ರ ಭಾರ ಆಗಿದ್ದೂ ಸರಿಹೋಯ್ತು.”

“ಭಾವ,” ಎಂದ ತಮ್ಮ, “ಎಲ್ಲಕ್ಕೂ ಕಾರಣ ಯಾಕೆ ಬೇಕು ನಿಮಗೆ?”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಈ ಮಾತು ಈ ಬಾಯಲ್ಲಿ ಬಂದದ್ದಕ್ಕೆ ಸಾಕ್ಷಿ ತಾನು ಮತ್ತು ಡಾಕ್ಟರು ಇಬ್ಬರೇ, ನಾಳೆ ಹೇಳಿದರೆ ಯಾರೂ ನಂಬರು ಎನಿಸಿತು. ಡಾಕ್ಟರು ಸದ್ದಿಲ್ಲದೆ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

“ಬೇಡವಾ? ಮೂರು ವಾರ ಸರಪಳಿ ಸರಪಳಿ ಅಂತ ನನ್ನ ತಲೆ ತಿಂದವನು ನೀನು.”

“ಸರಪಳಿಗೆ ಕಾರಣ ಇತ್ತು, ಕೊಟ್ಟೆ. ಲಾಟೀನಿಗೆ ಇಲ್ಲ, ಕೊಡಲ್ಲ. ತೂಕ ತಪ್ಪಿ ಬಿದ್ದದ್ದು, ಅದಕ್ಕೆ ಈಗ ಲೋಹ, ರಾಟೆ ಅಂತ ಮೀಸೆ ಅಂಟಿಸೋದು ಸುಳ್ಳು. ಕಾರಣ ಇಲ್ಲದ್ದನ್ನ ಸೈನ್ಸ್ ಅಂತ ಮಾರೋಕೆ ನಾನು ಬರಲ್ಲ.”

“ಯಾರು ಸುಳ್ಳು ಅಂದ್ರು? ಕಥೆ ಅದು.”

“ಕಥೆ ಅಲ್ಲ, ಸಬೂಬು.”

“ಗುಡ್ಡಕ್ಕೆ ಹತ್ತಿರ ಬಂದ್ರೆ ಭಾರ ಆಗೋದು ಸಬೂಬಾ? ಎಷ್ಟು ಚೆನ್ನಾಗಿದೆ ಯೋಚಿಸು. ನೀನು ಲೆಕ್ಕ ಹಾಕಿಕೊಡು, ಎಷ್ಟು ದೂರಕ್ಕೆ ಎಷ್ಟು ಕೆಜಿ.”

“ಹಾಕಲ್ಲ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದು ಗೊತ್ತಿದ್ದದ್ದೇ. ಎತ್ತೂ ಕೋಣವೂ ನಡುದಾರಿಯಲ್ಲಿ ನೊಗ ಬದಲಿಸಿಕೊಂಡು ಮತ್ತೆ ಅದೇ ಬಿರುಸಿನಿಂದ ಎಳೆಯುವುದನ್ನು ಅಕ್ಕ ಈಗ ನೋಡುತ್ತಿದ್ದಳು. ದನಿ ಏರಿತ್ತು. ಆದರೆ ಮೂರು ವಾರದ ಜಗಳದಲ್ಲಿ ಇಲ್ಲದ್ದೇನೋ ಇದರಲ್ಲಿತ್ತು. ಇಬ್ಬರೂ ಒಂದೇ ಪರದೆಯ ಮುಂದಿದ್ದರು. ಭಾವ ಒಂದು ಕೈಯನ್ನು ತಮ್ಮನ ಕುರ್ಚಿಯ ಬೆನ್ನಿಗಿಟ್ಟಿದ್ದ. ತಮ್ಮನ ಕಾಲು ಕುಣಿಯುತ್ತಿತ್ತು.

ತಮ್ಮ ಏನನ್ನೋ ತೋರಿಸಲು ಎದ್ದ. ಅವನ ಹಳೆಯ ಕುರ್ಚಿ, ಎಂದಿನಂತೆ, ಹೊರೆ ಇಳಿಸಿಕೊಳ್ಳುವಾಗ ಒಂದು ಉದ್ದನೆಯ ನರಳು ಬಿಟ್ಟಿತು. ಮೊದಲು ಆಳದ ಗೊಣಗು, ಆಮೇಲೆ ಕಬ್ಬಿಣದ ಕಿರ್ರ್, ಕೊನೆಗೆ ಗಾಳಿ ಹೊರಬಿದ್ದ ಸಣ್ಣ ಸುಯ್. ಈ ಕುರ್ಚಿಯನ್ನು ಅಕ್ಕ ಎಷ್ಟೋ ಸಲ ಶಪಿಸಿದ್ದಳು. ಬಾಗಿಲು ತೆರೆಯುವ ಸದ್ದಿಗಾಗಿ ಅವಳು ಇಷ್ಟು ದಿನ ಪರದಾಡಿದ್ದಳು. ತೆರೆಯದಿರುವುದಕ್ಕೂ ಒಂದು ಸದ್ದು ಬೇಕೆಂದು ಬೆಳಗ್ಗೆವರೆಗೆ ಯಾರೂ ಯೋಚಿಸಿರಲಿಲ್ಲ.

ಅವಳು ಒಳಗಿನಿಂದ ಮೈಕ್ ತಂದು ಕುರ್ಚಿಯ ಅಡಿಗೆ ಹಿಡಿದಳು. “ಕೂತ್ಕೋ.”

“ಏನಕ್ಕ?”

“ಕೂತ್ಕೊಂಡು ಏಳು. ಮೆಲ್ಲಗೆ. ಮಾತಾಡಬೇಡ.”

ತಮ್ಮ ಕೂತು ಎದ್ದ. ಅವಳು ಅದನ್ನು ನಿಧಾನಗೊಳಿಸಿ, ಬಾಗಿಲಿಗೆ ಅಂಟಿಸಿ, ಆಟದೊಳಗೆ ಡಾಕ್ಟರ ಕೈಗೆ ಕದ್ದ ಲಾಟೀನು ಕೊಟ್ಟು ಹಾಸುಗಲ್ಲಿನ ಮೇಲೆ ನಿಲ್ಲಿಸಿದಳು. ಹೊರಡಲೆಂದು ಬ್ಯಾಗಿಗೆ ಕೈ ಹಾಕಿದ್ದ ಡಾಕ್ಟರು ಸದ್ದು ಕೇಳಿ ಕೈ ಹಿಂದೆ ತೆಗೆದರು. ಬಾಗಿಲು ಏನೋ ಹೇಳಲು ಹೊರಟು, ಬೇಡವೆಂದು ನುಂಗಿಕೊಂಡ ಹಾಗಿತ್ತು.

“ನಿಟ್ಟುಸಿರು,” ಎಂದ ಭಾವ. “ನೊಂದುಕೊಂಡಿದೆ.”

“ನನ್ನ ಕುರ್ಚಿ ಅದು,” ಎಂದ ತಮ್ಮ. “ನಾನು ಅಷ್ಟು ದಪ್ಪ ಇದ್ದೀನಾ ಅಕ್ಕ?”

“ಎಷ್ಟು ಅಂತ ಕೇಳಬೇಡ. ನಿನ್ನ ಲೆಕ್ಕದಲ್ಲಿ ಹೇಳಿದ್ರೆ ಇನ್ನೂರು ಬರುತ್ತೆ.”

ಡಾಕ್ಟರು ನಗು ತಡೆಯಲಾರದೆ ಬ್ಯಾಗ್ ತೆಗೆದುಕೊಂಡು ಎದ್ದರು. ಸೋಮವಾರ ಬೆಳಗ್ಗೆ ಮೊದಲ ರೋಗಿಯ ಬಾಯಿ ತೆರೆಸುವಾಗ ಈ ಸದ್ದು ನೆನಪಾದರೆ ತಾವು ಹೊಣೆಯಲ್ಲ ಎಂದು ಹೇಳಿ ಮೆಟ್ಟಿಲಿಳಿದರು.

ಐದಕ್ಕೆ ಹತ್ತು ನಿಮಿಷ ಇತ್ತು. ಅಕ್ಕ ಇಬ್ಬರನ್ನೂ ಕೇಳಲಿಲ್ಲ. ಫೋನ್ ತೆಗೆದು, ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ, “ಫ್ಯಾಂಟಸಿ ಹಾಲ್ ಅಂತ ಬರ್ಕೊಳ್ಳಿ,” ಎಂದಳು. ಹೇಳಿ ತಮ್ಮನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು.

“ಅಯ್ಯೋ, ಯಾಕೆ?” ಎಂದು ರಾಗ ಎಳೆದವನು ಭಾವ. “ಆ ಹಾಲ್‌ನಲ್ಲಿ ರಾಟೆ ಬಗ್ಗೆ ಯಾರು ಕೇಳ್ತಾರೆ? ಒಬ್ರೂ ಕೇಳಲ್ಲ.”

ತಮ್ಮನ ಕೀಬೋರ್ಡಿನ ಸದ್ದು ನಿಂತಿತು. ಆಮೇಲೆ, “ಅಕ್ಕ,” ಎಂದ, “ಆ ಹಾಲ್‌ನಲ್ಲಿ ನಮಗೆ ಪ್ಲಗ್ ಪಾಯಿಂಟ್ ಎಷ್ಟು ಕೊಡ್ತಾರೆ ಕೇಳು. ಮೂರಾದ್ರೂ ಬೇಕು.”

ಅಕ್ಕ ಕೇಳಿದಳು. ಎರಡು ಎಂದರು. ಮೂರು ಕೊಡಿ ಎಂದಳು, ಕೊಟ್ಟರು.

ಸೋಮವಾರ ತಮ್ಮ ಎಂದಿನ ಹೊತ್ತಿಗೆ ಕಚೇರಿಗೆ ಬಂದ. ಭಾವ ರಾಟೆಯ ಬಗ್ಗೆ ಎರಡು ಪುಟ ಬರೆದು ಅವನ ಮೇಜಿನ ಮೇಲಿಟ್ಟಿದ್ದ. ತಮ್ಮ ಅದನ್ನು ಓದದೆ ಪಕ್ಕಕ್ಕೆ ಸರಿಸಿ, ಕಂಪ್ಯೂಟರ್ ಆನ್ ಮಾಡಿದ.